ಜರ್ಮನ್ ಬೇಟೆಕೋವಿಯ ಮುದ್ರೆಗಳು: ಹೆಸರು ಒಂದು, ಪುರಾವೆ ಇನ್ನೊಂದು

ಹಳೆಯ ಜರ್ಮನ್ ಬೇಟೆಕೋವಿಯ ನಳಿಗೆ ಮೇಲೆ ಎದ್ದು ಕಾಣುವ 'ಕ್ರುಪ್' ಎಂಬ ಹೆಸರು ಕೋವಿ ಮಾಡಿದವರದ್ದಲ್ಲ, ಉಕ್ಕು ಒದಗಿಸಿದವರದ್ದು. ಎರಡು ನಳಿಗೆಗಳ ನಡುವಿನ ಪಟ್ಟಿಯಲ್ಲಿ ಕೆತ್ತಿದ ಹೆಸರೂ ಎಷ್ಟೋ ಸಲ ಮಾರಿದ ಅಂಗಡಿಯದ್ದೇ. ಜೆ.ಪಿ. ಸೌವರ್ ಕಂಪನಿಯ ದೊಣ್ಣೆ ಹಿಡಿದ ಕಾಡುಮನುಷ್ಯನಂಥ, ತಯಾರಕರದ್ದೇ ಆದ ಮುದ್ರೆ ಸಿಕ್ಕರೆ ಅದೃಷ್ಟ. ಉಳಿದವುಗಳಲ್ಲಿ ನಂಬಬೇಕಾದದ್ದು ಸರ್ಕಾರಿ ಪರೀಕ್ಷಾ ಮುದ್ರೆಗಳನ್ನು.

ಕೋವಿ ಖಾಲಿಯಿದೆಯೆಂದು ಮೊದಲು ಖಚಿತಪಡಿಸಿಕೊಂಡು, ನಳಿಗೆಯ ಕೆಳಗಿನ ಮುಂಗೈ ಹಿಡಿಯುವ ಮರ ತೆಗೆದು ನಳಿಗೆಯನ್ನು ಬೇರ್ಪಡಿಸಿ. ಮುದ್ರೆಗಳಿರುವುದು ನಳಿಗೆಯ ತಳದ ಚಪ್ಪಟೆ ಭಾಗದಲ್ಲಿ. ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ತಂತಿ ಬ್ರಷ್ ತಾಗಿಸಬೇಡಿ. ಆಳವಿಲ್ಲದ ಮುದ್ರೆ ಅಳಿಸಿಹೋಗುತ್ತದೆ.

ಕೋವಿಗಳ ಪರೀಕ್ಷೆ ಕುರಿತ ಜರ್ಮನಿಯ 1891ರ ಕಾನೂನು 1893ರ ಏಪ್ರಿಲ್ 1ರಿಂದ ಜಾರಿಯಾಯಿತು. ಕಿರೀಟದ ಕೆಳಗೆ 'ಬಿ' ಇದ್ದರೆ ಪರೀಕ್ಷೆಯ ಗುಂಡು ಹಾರಿಸಿದ್ದಾರೆ, 'ಯು' ಇದ್ದರೆ ಆಮೇಲೆ ತಪಾಸಣೆ ಮಾಡಿದ್ದಾರೆ. 'ಎಸ್' ಚರೆಯ ನಳಿಗೆಗೆ, 'ಜಿ' ಒಳಗೆ ಸುರುಳಿಯಾಗಿ ಗೀರು ಕೊರೆದ ನಳಿಗೆಗೆ, 'ಡಬ್ಲ್ಯು' ಬಾಯಿ ಕಿರಿದಾದ ನಳಿಗೆಗೆ. 'ವಿ' ಇದ್ದರೆ, ಕಾನೂನು ಬಂದಾಗಲೇ ದಾಸ್ತಾನಿನಲ್ಲಿದ್ದ ಕೋವಿ ಎಂದರ್ಥ. ಹೊಗೆರಹಿತ ಮದ್ದಿನ 'ಎನ್' ಮುದ್ರೆ ಬಂದದ್ದು 1911ರ ನಂತರ. ಅದಿಲ್ಲದ ನಳಿಗೆಗೆ ಇಂದಿನ ತೋಟೆ ತುಂಬುವುದು ದುಸ್ಸಾಹಸ. 1920ರ ದಶಕದಿಂದ, ಕೋವಿ ತಯಾರಿಕೆಯ ಊರಾದ ಸೂಲ್‌ನ ಕೋವಿಗಳಲ್ಲಿ '4 27' ಎಂಬಂಥ ಅಂಕಿ ಕಾಣುತ್ತದೆ: 1927ರ ಏಪ್ರಿಲ್. 1939ರ ಕಾನೂನು 1940ರ ಏಪ್ರಿಲ್ 1ರಿಂದ ಕಿರೀಟದ ಜಾಗಕ್ಕೆ ಹದ್ದನ್ನು ತಂದಿತು. ಆದರೆ ಹದ್ದಿನ ಮುದ್ರೆ 1891ರ ಕಾನೂನಿನ ಹಳೆಯ ಮುದ್ರೆಗಳ ಗುಂಪಿನಲ್ಲೂ ಒಂಟಿಯಾಗಿ ಸಿಗುತ್ತದೆ. ಹೊಸದರಲ್ಲಿ ಅದು 'ಎನ್' ಅಕ್ಷರದ ತಲೆಯ ಮೇಲೆ ಕೂತಿರುತ್ತದೆ. ಹದ್ದು ಕಂಡೊಡನೆ 1940 ಎಂದು ಬರೆದುಕೊಳ್ಳುವವರು ಎಡವುವುದು ಇಲ್ಲೇ.

ಹೆಚ್ಚು ಕಾಡುವುದು '172,28'ರಂಥ ಸಂಖ್ಯೆ. ಇದು ಸರಣಿ ಸಂಖ್ಯೆಯಲ್ಲ. ನಳಿಗೆಯ ಒಳಗಾತ್ರಕ್ಕೆ ಸರಿಹೊಂದುವ ಸೀಸದ ಗುಂಡುಗಳು ಒಂದು ಇಂಗ್ಲಿಷ್ ಪೌಂಡಿಗೆ ಎಷ್ಟು ಬರುತ್ತವೆಂಬ ಲೆಕ್ಕ; ಇಲ್ಲಿ ಸುಮಾರು 7.62 ಮಿ.ಮೀ. ಅದು ಗೀರುಗಳ ನಡುವಿನ ಏಣಿನ ಅಳತೆ, ಗೀರಿನ ಆಳವನ್ನು ಹೇಳುವುದಿಲ್ಲ. 8×57 ಎಂಬ ತೋಟೆಯ ಕೋವಿಗಳಲ್ಲಿ ಹಳೆಯ 0.318 ಇಂಚಿನ ಗುಂಡು, ಆಮೇಲಿನ 0.323 ಇಂಚಿನ ಗುಂಡು ಎರಡೂ ಇರುವುದರಿಂದ, ನಳಿಗೆಯೊಳಗೆ ಮೆದು ಸೀಸ ತೂರಿಸಿ ಅಳೆಯದೆ ತೋಟೆ ಕೊಳ್ಳಬಾರದು. ಚರೆಯ ನಳಿಗೆಯಲ್ಲಿ ವೃತ್ತದೊಳಗಿನ '16' ಬೋರನ್ನು, ಅಂದರೆ ಅಗಲದ ಅಳತೆಯನ್ನು, ಮಾತ್ರ ಹೇಳುತ್ತದೆ, ಉದ್ದವನ್ನಲ್ಲ. ತೋಟೆ ಕೂರುವ ಚೇಂಬರ್ ಬಹುಪಾಲು 65 ಮಿ.ಮೀ. ಉದ್ದ ಇರುತ್ತದೆ. 70 ಮಿ.ಮೀ. ತೋಟೆ ಅದರೊಳಗೆ ಕೂತುಬಿಡುತ್ತದೆ, ಆದರೆ ಹಾರಿಸಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.