ನಾಯಕನ ಪಕ್ಕದಲ್ಲಿ ನಿಂತು ಗೆದ್ದ ಡಾನ್ ನಾಟ್ಸ್

1960ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ದಿ ಆ್ಯಂಡಿ ಗ್ರಿಫಿತ್ ಶೋ’ ಎಂಬ ಹಾಸ್ಯ ಧಾರಾವಾಹಿ ಶುರುವಾದಾಗ ನಗಿಸುವ ಹೊಣೆ ನಾಯಕ ನಟ ಗ್ರಿಫಿತ್ ಅವರದೇ ಆಗಿತ್ತು. ಮೇಬೆರಿ ಎಂಬ ಕಲ್ಪಿತ ಊರಿನ ಷೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥನ ಪಾತ್ರ ಅವರದು. ಕೆಲವೇ ಕಂತುಗಳಲ್ಲಿ ಲೆಕ್ಕ ಬದಲಾಯಿತು. ನಗಿಸುವವನು ಸಹಾಯಕ ಬಾರ್ನಿ ಫೈಫ್ ಆದ, ನಾಯಕ ಅವನ ಮಾತಿಗೆ ತಾಳ ಹಾಕುವವನಾದ. ಆ ಬಾರ್ನಿಯೇ ಡಾನ್ ನಾಟ್ಸ್.

ನಾಟ್ಸ್ ಹುಟ್ಟಿದ್ದು 1924ರಲ್ಲಿ, ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್‌ನಲ್ಲಿ. ತಂದೆಗೆ ತೀವ್ರ ಮಾನಸಿಕ ಕಾಯಿಲೆ. ಮಗನನ್ನು ಚಾಕು ತೋರಿಸಿ ಬೆದರಿಸಿದ್ದೂ ಉಂಟು. ತಾಯಿ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ತೂಗಿಸಿದರು. ಹುಡುಗ ತುಟಿ ಅಲುಗಿಸದೆ ಗೊಂಬೆಯನ್ನು ಮಾತನಾಡಿಸುವ ವಿದ್ಯೆ ಕಲಿತ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಮನರಂಜನಾ ತಂಡದೊಂದಿಗೆ ಪೆಸಿಫಿಕ್ ದ್ವೀಪಗಳನ್ನು ಸುತ್ತಿದ. 1948ರಲ್ಲಿ ಪದವಿ, ಆಮೇಲೆ ನ್ಯೂಯಾರ್ಕ್, ರೇಡಿಯೊ. 1955ರಲ್ಲಿ ಬ್ರಾಡ್‌ವೇ ನಾಟಕವೊಂದರಲ್ಲಿ ಗ್ರಿಫಿತ್ ಅವರ ಪರಿಚಯವಾಯಿತು.

ಹೆಸರು ತಂದದ್ದು ಸ್ಟೀವ್ ಅಲೆನ್ ಅವರ ಟಿವಿ ಕಾರ್ಯಕ್ರಮ. ಅಲ್ಲಿ ನಾಟ್ಸ್ ಮೈಯೆಲ್ಲ ನಡುಗುವ ಮನುಷ್ಯನಾಗಿ ಬರುತ್ತಿದ್ದರು. ‘ಭಯವಾಗ್ತಿದೆಯಾ?’ ಎಂದು ಕೇಳಿದರೆ ತಟ್ಟನೆ ‘ಇಲ್ಲ!’ ಎನ್ನುವರು. ಅಂಥ ಬಾಲ್ಯ ಕಳೆದವರು ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಗ್ರಿಫಿತ್ ಅವರ ಹೊಸ ಪಾತ್ರದ ಮೊದಲ ಪರಿಚಯ ಕಂತು 1960ರ ಫೆಬ್ರುವರಿಯಲ್ಲಿ ಪ್ರಸಾರವಾಯಿತು. ಅದನ್ನು ನೋಡಿದ ನಾಟ್ಸ್ ಫೋನ್ ಮಾಡಿ, ಈ ಷೆರಿಫ್‌ಗೆ ಒಬ್ಬ ಸಹಾಯಕ ಬೇಡವೇ ಎಂದು ಕೇಳಿದರು. ಪಾತ್ರ ಹುಟ್ಟಿದ್ದೇ ಆ ಒಂದು ಕರೆಯಿಂದ.

ಬಾರ್ನಿಯ ಕೈಯಲ್ಲಿ ಪಿಸ್ತೂಲು ಯಾವಾಗ ಹಾರುತ್ತದೋ ಹೇಳಲಾಗದು. ಹಾಗಾಗಿ ಷೆರಿಫ್ ಅವನಿಗೆ ಕೊಡುವುದು ಒಂದೇ ಒಂದು ಗುಂಡು. ಅದೂ ಪಿಸ್ತೂಲಿನಲ್ಲಿ ಇರಕೂಡದು, ಅಂಗಿಯ ಜೇಬಿನಲ್ಲಿ ಇರಬೇಕು. ಅಪಾಯ ಎದುರಾದಾಗ ಗುಂಡಿ ಬಿಚ್ಚಿ, ಜೇಬು ತಡಕಿ, ನಡುಗುವ ಬೆರಳುಗಳಲ್ಲಿ ಆ ಗುಂಡನ್ನು ತುಂಬುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ನಾಟ್ಸ್ ಅಲ್ಲಿ ಕೋಡಂಗಿಯಾಟ ಆಡುವುದಿಲ್ಲ. ಬಾರ್ನಿ ತನ್ನನ್ನು ಶೂರನೆಂದೇ ನಂಬಿದ್ದಾನೆ. ನಗುತ್ತಲೇ ಅವನ ಮೇಲೆ ಮರುಕ ಹುಟ್ಟುವುದು ಅದರಿಂದ. ಇದರಲ್ಲಿ ಗ್ರಿಫಿತ್ ಅವರ ಪಾಲೂ ದೊಡ್ಡದು. ತಮ್ಮದೇ ಹೆಸರಿನ ಧಾರಾವಾಹಿಯಲ್ಲಿ ನಗುವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ನಟರು ಎಷ್ಟು ಮಂದಿ ಸಿಕ್ಕಾರು?

ಹಾಗಿದ್ದೂ 1965ರಲ್ಲಿ ನಾಟ್ಸ್ ಹೊರಬಿದ್ದರು. ಐದು ವರ್ಷಕ್ಕೆ ನಿಲ್ಲಿಸುತ್ತೇನೆ ಎಂದು ಗ್ರಿಫಿತ್ ಹೇಳುತ್ತಲೇ ಇದ್ದರು. ಅದನ್ನು ನಂಬಿ ನಾಟ್ಸ್ ಸಿನಿಮಾ ಮಾಡಲು ಯೂನಿವರ್ಸಲ್ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡರು. ಗ್ರಿಫಿತ್ ಮನಸ್ಸು ಬದಲಿಸುವ ಹೊತ್ತಿಗೆ ತಡವಾಗಿತ್ತು. ಧಾರಾವಾಹಿ ಬಣ್ಣಕ್ಕೆ ತಿರುಗಿ 1968ರವರೆಗೆ ನಡೆಯಿತು. ಕೊನೆಯ ವರ್ಷ ವೀಕ್ಷಕರ ಸಂಖ್ಯೆಯಲ್ಲಿ ಮೊದಲ ಸ್ಥಾನಕ್ಕೂ ಏರಿತು. ಆದರೂ ನನ್ನ ಮಟ್ಟಿಗೆ ಅದರ ಜೀವಾಳ ಬಾರ್ನಿ ಇದ್ದ ಕಪ್ಪು-ಬಿಳುಪು ಕಂತುಗಳೇ. ನಾಟ್ಸ್‌ಗೆ ಬಂದ ಐದು ಎಮ್ಮಿ ಟಿವಿ ಪ್ರಶಸ್ತಿಗಳೂ ಈ ಒಂದೇ ಪಾತ್ರಕ್ಕೆ, ಪೋಷಕ ನಟನ ವಿಭಾಗದಲ್ಲಿ ಬಂದವು. ಕೊನೆಯ ಎರಡು, ಬಿಟ್ಟುಹೋದ ಮೇಲೆ ಅತಿಥಿಯಾಗಿ ಮರಳಿ ಬಂದ ಕಂತುಗಳಿಗೆ.

ಮುಂದೆ 1979ರಿಂದ 84ರವರೆಗೆ ‘ತ್ರೀಸ್ ಕಂಪನಿ’ ಧಾರಾವಾಹಿಯಲ್ಲಿ ಬಾಡಿಗೆ ಮನೆಗಳ ಉಸ್ತುವಾರಿ ನೋಡುವ ಫರ್ಲಿ, ಆಮೇಲೆ ‘ಮ್ಯಾಟ್‌ಲಾಕ್’ ಧಾರಾವಾಹಿಯಲ್ಲಿ ಗ್ರಿಫಿತ್ ಅವರ ನೆರೆಮನೆಯವ. ಮುಪ್ಪಿನಲ್ಲಿ ಕಣ್ಣು ಮಂಜಾದ ಮೇಲೂ ದುಡಿಮೆ ಬಿಡದೆ, 2005ರಲ್ಲಿ ಆ್ಯನಿಮೇಷನ್ ಚಿತ್ರವೊಂದರ ಪಾತ್ರಕ್ಕೆ ಧ್ವನಿ ಕೊಟ್ಟರು. 2006ರ ಫೆಬ್ರುವರಿ 24ರಂದು ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡಾಗ ಅವರಿಗೆ 81 ವರ್ಷ.