ಬೋನಸ್ ನಿಲ್ಲಿಸಿದ್ರು, ನಾಳೆ ಡಿಎ ಕೂಡ ನಿಲ್ಲಿಸಬಹುದಾ?

ಓದುಗರೊಬ್ಬರು ಕೇಳಿದಾರೆ: "ನಮ್ಮಮ್ಮ ಮೈಸೂರು ರೋಡ್ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷದಿಂದ ಟೈಲರ್. ಪ್ರತಿ ವರ್ಷ ಆಯುಧಪೂಜೆ ಹೊತ್ತಿಗೆ ಬೋನಸ್ ಬರ್ತಿತ್ತು. ಈ ಸಲ ಆರ್ಡರ್ ಕಮ್ಮಿ, ಲಾಸಲ್ಲಿದೀವಿ, ಬೋನಸ್ ಅನ್ನೋದು ಕಂಪನಿ ಖುಷಿಯಿಂದ ಕೊಡೋದು ಅಂತ ಎಚ್‌ಆರ್ ಹೇಳಿದ್ರಂತೆ. ಹಂಗೆ ನಿಲ್ಲಿಸಬಹುದಾ? ಇವತ್ತು ಬೋನಸ್, ನಾಳೆ ಡಿಎ ಕೂಡ ತೆಗೆದುಬಿಟ್ರೆ?"

ಕೊನೆ ಪ್ರಶ್ನೆಗೇ ಮೊದಲು ಉತ್ತರ ಹೇಳ್ತೀನಿ, ಅಮ್ಮನಿಗೆ ಇವತ್ತೇ ಹೇಳಿ ಧೈರ್ಯ ಕೊಡಿ: ಡಿಎ ತೆಗೆಯೋ ಹಾಗಿಲ್ಲ. ಅದು ಕನಿಷ್ಠ ವೇತನದ ಒಂದು ಭಾಗ. ಸ್ಲಿಪ್‌ನಲ್ಲಿ ಬೇಸಿಕ್ ಕೆಳಗೆ ವಿಡಿಎ ಅಂತ ಇರುತ್ತಲ್ಲ, ಅದೇ ತುಟ್ಟಿ ಭತ್ಯೆ. ಪೇಟೆ ತುಟ್ಟಿ ಆದ ಹಾಗೆ ಸಂಬಳದ ಬೆಲೆ ಕರಗುತ್ತೆ, ಅದನ್ನ ತುಂಬಿಸೋಕೆ ಬೆಲೆ ಸೂಚ್ಯಂಕ ನೋಡಿ ಕಾರ್ಮಿಕ ಇಲಾಖೆ ಪ್ರತಿ ವರ್ಷ ಏಪ್ರಿಲ್ 1ರಿಂದ ಹೊಸ ರೇಟು ಹೇಳುತ್ತೆ. ಇದರಲ್ಲಿ ಕಂಪನಿ ಲಾಭ ನಷ್ಟದ ಮಾತೇ ಬರಲ್ಲ.

ಬೋನಸ್ ಮಾತ್ರ ಹಂಗಲ್ಲ, ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ದುಡ್ಡು ಓಡಾಡ್ತಿದೆ, ಎಚ್‌ಆರ್ ಹೇಳಿದ ಮಾತಲ್ಲಿ ಗೊಂದಲ ಇರೋದೂ ಅಲ್ಲೇ. ಒಂದು ನಿಜವಾಗ್ಲೂ ಖುಷಿಯಿಂದ ಕೊಡೋದು, ಆಫರ್ ಲೆಟರ್‌ನಲ್ಲಿ "ಮ್ಯಾನೇಜ್‌ಮೆಂಟ್ ವಿವೇಚನೆಗೆ ಬಿಟ್ಟದ್ದು" ಅಂತ ಬರೆದಿರ್ತಾರೆ, ಐಟಿ ಕಂಪನಿಗಳಲ್ಲಿ ಇದು ಜಾಸ್ತಿ, ಕೊಟ್ರೆ ಉಂಟು ಕೊಡದಿದ್ರೆ ಇಲ್ಲ. ಇನ್ನೊಂದು 1965ರ ಬೋನಸ್ ಕಾಯ್ದೆಯ ಬೋನಸ್. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು, ಆ ವರ್ಷ ಕನಿಷ್ಠ 30 ದಿನ ಕೆಲಸ ಮಾಡಿದ್ರೆ, 8.33 ಪರ್ಸೆಂಟ್ ಕೊಡಲೇಬೇಕು, ಲಾಭ ಚೆನ್ನಾಗಿದ್ರೆ 20ರ ತನಕ. ಫ್ಯಾಕ್ಟರಿ ಶುರುವಾಗಿ ಐದು ವರ್ಷ ಆಗಿಲ್ಲ ಅಂದ್ರೆ ಮಾತ್ರ ಲಾಭ ಇಲ್ಲ ಅಂತ ಹೇಳಿ ಬಿಡಿಸ್ಕೋಬಹುದು. ನಿಮ್ಮಮ್ಮ ಅಲ್ಲಿ ಒಂಬತ್ತು ವರ್ಷದಿಂದ ಇದಾರೆ, ಅಲ್ಲಿಗೆ ಲಾಸ್ ಅನ್ನೋ ನೆಪ ಮುಗೀತು. 2025ರ ನವೆಂಬರ್ 21ರಿಂದ ಈ ಕಾಯ್ದೆ ಜಾಗಕ್ಕೆ ವೇತನ ಸಂಹಿತೆ ಬಂದಿದೆ, ಅದರಲ್ಲೂ 8.33 ಮತ್ತು 20 ಹಾಗೇ ಉಳಿದಿದೆ, ಸಂಬಳದ ಮಿತಿಯನ್ನ ಮಾತ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳುತ್ತೆ.

ಬೋನಸ್ ಕೊಟ್ಟ ವರ್ಷಗಳದ್ದೂ ಒಂದು ಲೆಕ್ಕ ನೋಡಿ, ದಯವಿಟ್ಟು ಪೆನ್ನು ಹಿಡ್ಕೊಂಡು ಕೂತೇ ನೋಡಿ, ಯಾಕಂದ್ರೆ ದುಡ್ಡು ಸೋರೋದು ಇಲ್ಲೇ. ಕೆಲವು ಕಡೆ ತಿಂಗಳಿಗೆ 7,000 ಅಂತ ಹಿಡ್ಕೊಂಡು 8.33 ಪರ್ಸೆಂಟ್ ಹಾಕ್ತಾರೆ, ವರ್ಷಕ್ಕೆ 6,997 ರೂಪಾಯಿ ಬರುತ್ತೆ. ಆದ್ರೆ 2015ರ ತಿದ್ದುಪಡಿ ಹೇಳಿದ್ದು 7,000 ಅಥವಾ ಆ ಕೆಲಸದ ಕನಿಷ್ಠ ವೇತನ, ಯಾವುದು ಜಾಸ್ತಿಯೋ ಅದು. ಉದಾಹರಣೆಗೆ ಕನಿಷ್ಠ ವೇತನ ಡಿಎ ಸೇರಿ 13,000 ಅಂತ ಇಟ್ಕೊಳ್ಳಿ, ಆಗ ಬರಬೇಕಾದ್ದು 12,995 ರೂಪಾಯಿ. ಹೆಚ್ಚುಕಮ್ಮಿ ಅರ್ಧ ದುಡ್ಡು ಕೈತಪ್ಪಿ ಹೋಗಿರುತ್ತೆ, ಅದೂ ಬೋನಸ್ ಬಂತು ಅಂತ ಮನೆಯಲ್ಲಿ ಎಲ್ಲರೂ ಸಂತೋಷವಾಗಿರೋವಾಗ.

ಬೋನಸ್ ಬೇರೆ ಡಿಎ ಬೇರೆ ಅನ್ನೋದು ನನಗೆ ಸರಿಯಾಗಿ ಅರ್ಥ ಆಗಿದ್ದು ಅಹಮದಾಬಾದಿನ ಕಥೆ ಓದಿದಾಗ. 1917ರಲ್ಲಿ ಅಲ್ಲಿ ಪ್ಲೇಗ್ ಬಂದು ಜನ ಊರು ಬಿಡ್ತಿದ್ರು, ಕೆಲಸಗಾರರು ಹೋಗಬಾರದು ಅಂತ ಬಟ್ಟೆ ಮಿಲ್ ಮಾಲೀಕರು ಪ್ಲೇಗ್ ಬೋನಸ್ ಅಂತ ದೊಡ್ಡ ಮೊತ್ತಾನೇ ಕೊಟ್ರು, ಪ್ಲೇಗ್ ಇಳಿದ ಮೇಲೆ ನಿಲ್ಲಿಸಿದ್ರು. ಆದ್ರೆ ಮಹಾಯುದ್ಧದಿಂದ ಏರಿದ್ದ ಕಾಳು ಬಟ್ಟೆ ರೇಟು ಇಳಿದಿರ್ಲಿಲ್ಲವಲ್ಲ. ಕಾರ್ಮಿಕರ ಕಡೆ ನಿಂತದ್ದು ಅನಸೂಯಾ ಸಾರಾಭಾಯ್, ಎದುರಿಗೆ ಮಾಲೀಕರ ಮುಂದಾಳು ಅವರ ಸ್ವಂತ ತಮ್ಮ ಅಂಬಾಲಾಲ್. ಗಾಂಧಿ ಹೇಳಿದ ಹಾಗೆ ಕಾರ್ಮಿಕರು ಪಟ್ಟು ಹಿಡಿದದ್ದು ಪ್ಲೇಗ್ ಬೋನಸ್ ವಾಪಸ್ ಕೊಡಿ ಅಂತಲ್ಲ, ತುಟ್ಟಿ ಆಗಿರೋದಕ್ಕೆ ತಕ್ಕ ಹಾಗೆ ಕೂಲಿಯನ್ನ 35 ಪರ್ಸೆಂಟ್ ಏರಿಸಿ ಅಂತ. 1918ರ ಮಾರ್ಚ್‌ನಲ್ಲಿ ಗಾಂಧಿ ಉಪವಾಸ ಕೂತ್ರು, ವಿಷಯ ಪಂಚಾಯ್ತಿಗೆ ಹೋಗಿ ಕೊನೆಗೆ 35 ಸಿಕ್ತು.

ನಮ್ಮ ಕರ್ನಾಟಕದಲ್ಲೇ 2020ರ ಜುಲೈನಲ್ಲಿ, ಕೊರೋನಾ ಕಾಲ, ಆ ವರ್ಷದ ವಿಡಿಎ ಏರಿಕೆಯನ್ನ ಮುಂದಿನ ಮಾರ್ಚ್ ತನಕ ಮುಂದೂಡಿ ಅಂತ ಸರ್ಕಾರವೇ ಆದೇಶ ಮಾಡಿತ್ತು. ತಿಂಗಳಿಗೆ ಸುಮಾರು 417 ರೂಪಾಯಿ. ಕಾರ್ಮಿಕ ಸಂಘದವರು ಹೈಕೋರ್ಟಿಗೆ ಹೋದ್ರು, ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ಬಂತು. ಅಷ್ಟಾದ್ರೂ ಎಷ್ಟೋ ಗಾರ್ಮೆಂಟ್ಸ್‌ನವರು ಕೊಡಲಿಲ್ಲ, ಒಂದು ವರ್ಷ ದಾಟಿದ ಮೇಲೆ ಒತ್ತಡ ಬಂದು ಬಾಕಿ ಕೊಡೋಕೆ ಶುರು ಮಾಡಿದ್ರು. 417 ಏನು ಮಹಾ ಅನ್ನಿಸಬಹುದು, ಆದ್ರೆ ವರ್ಷಕ್ಕೆ ಐದು ಸಾವಿರ ಆಯ್ತು, ಅದರ ಮೇಲೆ ಪಿಎಫ್ 12 ಪರ್ಸೆಂಟ್ ಕಂಪನಿನೂ ಹಾಕಬೇಕು, ಕೆಲಸ ಬಿಡೋವಾಗ ಗ್ರಾಚ್ಯುಟಿ ಲೆಕ್ಕ ಹಾಕೋದೂ ಬೇಸಿಕ್ ಜೊತೆ ಡಿಎ ಸೇರಿಸಿನೇ. ಖುಷಿಯ ಬೋನಸ್ಸಿಗೆ ಈ ಯಾವುದೂ ಇಲ್ಲ, ಬಂದ ದಿನಕ್ಕೆ ಮುಗೀತು. ಅದಕ್ಕೇ ಡಿಎ ಬದಲು ವರ್ಷಕ್ಕೊಂದು ಸಲ ಬೋನಸ್ ಜಾಸ್ತಿ ಕೊಡ್ತೀವಿ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ ಅಂತ ಅಮ್ಮನಿಗೆ ಹೇಳಿ.

ಈಗ ಮಾಡಬೇಕಾದ್ದು. ಲೆಕ್ಕದ ವರ್ಷ ಮುಗಿದು ಎಂಟು ತಿಂಗಳ ಒಳಗೆ ಬೋನಸ್ ಕೊಡಬೇಕು, ಮಾರ್ಚ್‌ಗೆ ಮುಗಿದ್ರೆ ನವೆಂಬರ್ 30 ಕೊನೆ, ಹಬ್ಬ ಕಳೆದ್ರೂ ಅಲ್ಲಿ ತನಕ ಟೈಮ್ ಇದೆ. ಕಳೆದ ವರ್ಷದ ಸ್ಲಿಪ್ಪುಗಳು, ಬೋನಸ್ ಜಮಾ ಆದ ಪಾಸ್‌ಬುಕ್ ಪುಟ ಜೋಡಿಸಿಟ್ಕೊಳ್ಳಿ. ಒಬ್ಬರೇ ಹೋಗಿ ಕೇಳೋದಕ್ಕಿಂತ ಅದೇ ಲೈನ್‌ನ ಹತ್ತು ಜನ ಸೇರಿ ಬರವಣಿಗೆಯಲ್ಲಿ ಕೇಳಲಿ, ಉತ್ತರ ಬರದಿದ್ರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಇನ್ನೊಂದು, ಬೋನಸ್ ರಿಜಿಸ್ಟರ್‌ನಲ್ಲಿ ಸೈನ್ ಹಾಕಿ ಅಂತ ಕರೆದ್ರೆ ಮೊತ್ತದ ಕಾಲಂ ಖಾಲಿ ಇದೆಯಾ ಅಂತ ಮೊದಲು ನೋಡ್ಲಿ. ಖಾಲಿ ಇದ್ರೆ ಸೈನ್ ಬೇಡ.