ಉದ್ದದ ಲೆನ್ಸ್ ಮತ್ತು ಗಿಡ್ಡ ಬೆಲ್ಲೋಸ್: ಲಾರ್ಜ್ ಫಾರ್ಮ್ಯಾಟ್ ಟೆಲಿಫೋಟೊದ ಹಿನ್ನೆಲೆ

4×5 ಇಂಚಿನ ಶೀಟ್ ಫಿಲ್ಮ್ (ಬಿಡಿ ಹಾಳೆಯ ಫಿಲ್ಮ್) ಬಳಸುವ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾಕ್ಕೆ 150 ಮಿ.ಮೀ. ಸಂಗಮದೂರದ (ಫೋಕಲ್ ಲೆಂಗ್ತ್) ಲೆನ್ಸನ್ನು ಸಾಧಾರಣ ಲೆನ್ಸ್ ಎಂದು ಪರಿಗಣಿಸುತ್ತಾರೆ. ಆ ಹಾಳೆಯ ಕರ್ಣದ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ದೂರದ ಬೆಟ್ಟದ ಒಂದು ಮಗ್ಗುಲನ್ನು ಮಾತ್ರ ಚೌಕಟ್ಟಿನೊಳಗೆ ತರಬೇಕೆನ್ನುವವರು 300ಕ್ಕೆ, 360ಕ್ಕೆ, ಅಲ್ಲಿಂದ 450 ಅಥವಾ 500ಕ್ಕೆ ಏರುತ್ತಾರೆ. ತೊಡಕು ಆರಂಭವಾಗುವುದು ಅಲ್ಲಿಂದಲೇ. ಬಂಡೀಪುರ, ನಾಗರಹೊಳೆಗಳಲ್ಲಿ ವನ್ಯಜೀವಿಗಳ ಚಿತ್ರ ತೆಗೆಯುವವರಿಗೆ ದೂರದ್ದನ್ನು ಹತ್ತಿರ ತರುವ ಲೆನ್ಸ್‌ಗಳೆಲ್ಲ ಟೆಲಿಫೋಟೊಗಳೇ ಆಗಿರುತ್ತವೆ. ಅವರು ಬೇರೆ ಬಗೆಯದನ್ನು ಯೋಚಿಸಬೇಕಾದ ಸಂದರ್ಭವೇ ಬರುವುದಿಲ್ಲ. ಆದರೆ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ 360 ಮಿ.ಮೀ. ಎಂದು ಬರೆದಿರುವ ಎರಡು ಲೆನ್ಸ್‌ಗಳ ಪೈಕಿ ಸಾಮಾನ್ಯ ರಚನೆಯದಕ್ಕೆ ಸುಮಾರು 36 ಸೆಂ.ಮೀ. ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವೆ ಚಾಚುವ ಮಡಿಕೆಯ ಚೀಲ) ಬೇಕಾದರೆ, ಟೆಲಿಫೋಟೊಕ್ಕೆ 26 ಸೆಂ.ಮೀ. ಸಾಕಾಗಬಹುದು. ಎರಡೂ ತೋರಿಸುವ ದೃಶ್ಯ ಒಂದೇ, ಫಿಲ್ಮಿನ ಮೇಲೆ ಬಿಂಬದ ಗಾತ್ರವೂ ಒಂದೇ.

ಹೀಗಾಗುವುದಕ್ಕೆ ಕಾರಣ ಲೆನ್ಸಿನ ಒಳರಚನೆಯಲ್ಲಿದೆ. ಟೆಲಿಫೋಟೊದಲ್ಲಿ ಮುಂದಿನ ಗುಂಪು ಒಟ್ಟಾರೆ ಪೀನ ಮಸೂರವಾಗಿ ಬೆಳಕನ್ನು ಒಗ್ಗೂಡಿಸಿದರೆ, ಹಿಂದಿನ ಗುಂಪು ನಿಮ್ನ ಮಸೂರವಾಗಿ ಅದನ್ನು ತುಸು ಹರಡುತ್ತದೆ. ಇದರಿಂದ ಸಂಗಮದೂರವನ್ನು ಅಳೆಯಬೇಕಾದ ಬಿಂದು, ಲೆನ್ಸನ್ನು ಕೂರಿಸುವ ಹಲಗೆಯಾದ ಲೆನ್ಸ್ ಬೋರ್ಡಿನಿಂದ ಬಹಳ ಮುಂದಕ್ಕೆ, ಕೆಲವೊಮ್ಮೆ ಗಾಜನ್ನೂ ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. ಫಿಲ್ಮಿಗೂ ಲೆನ್ಸ್ ಬೋರ್ಡಿಗೂ ನಡುವಿನ ಅಂತರದಲ್ಲಿ ಅಷ್ಟರಮಟ್ಟಿಗೆ ಉಳಿತಾಯವಾಗುತ್ತದೆ. ಮುಂದಿನ ಗುಂಪಿನ ದೋಷಗಳನ್ನೂ ಹಿಂದಿನ ಗುಂಪು ಬಿಂಬದ ಜೊತೆಗೆ ಹಿಗ್ಗಿಸುತ್ತದೆ ಎಂಬುದು ಈ ಉಳಿತಾಯಕ್ಕೆ ತೆರಬೇಕಾದ ಬೆಲೆ.

ನಿಮ್ನ ಮಸೂರದಿಂದ ಬಿಂಬವನ್ನು ಹಿಗ್ಗಿಸುವ ಉಪಾಯವನ್ನು ಪೀಟರ್ ಬಾರ್ಲೋ 1830ರ ದಶಕದಲ್ಲೇ ದೂರದರ್ಶಕಕ್ಕೆ ಅಳವಡಿಸಿದ್ದರು. 1891ರಲ್ಲಿ ಲಂಡನ್ನಿನ ಥಾಮಸ್ ಡಾಲ್‌ಮೆಯರ್, ಬರ್ಲಿನ್ನಿನ ಅಡಾಲ್ಫ್ ಮೀಥೆ ಮತ್ತು ಮ್ಯೂನಿಕ್ಕಿನ ಅಡಾಲ್ಫ್ ಸ್ಟೈನ್‌ಹೈಲ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅದನ್ನು ಛಾಯಾಗ್ರಹಣಕ್ಕೆ ತಂದರು. ಆ ಕಾಲದ ಟೆಲಿಫೋಟೊ ಎಂದರೆ ಸಾಮಾನ್ಯ ಲೆನ್ಸಿನ ಹಿಂದೆ ನಿಮ್ನ ಮಸೂರದ ಒಂದು ನಳಿಗೆ. ಎರಡರ ನಡುವಿನ ಅಂತರ ಬದಲಿಸಿದರೆ ಹಿಗ್ಗುವಿಕೆಯೂ ಬದಲಾಗುತ್ತಿತ್ತು. ಅನುಕೂಲ ದೊಡ್ಡದೇ ಆದರೂ ಬೆಳಕು ಅತಿ ಕಡಿಮೆ, ಅಂಚುಗಳೂ ಮಸುಕು. 1905ರಲ್ಲಿ ಎಮಿಲ್ ಬುಶ್ ಸಂಸ್ಥೆಯ ಎಫ್/9ರ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ) ಬಿಸ್-ಟೆಲಾರ್ ಬಂದ ಮೇಲೆ ಎರಡೂ ಗುಂಪುಗಳನ್ನು ಒಂದೇ ನಳಿಗೆಯಲ್ಲಿ, ಒಂದೇ ಲೆಕ್ಕಾಚಾರದಲ್ಲಿ ಕೂಡಿಸುವ ಪದ್ಧತಿ ನೆಲೆಯೂರಿತು. ಪತ್ರಿಕಾ ಛಾಯಾಗ್ರಾಹಕರ ಸ್ಪೀಡ್ ಗ್ರಾಫಿಕ್‌ನಂಥ ಕ್ಯಾಮೆರಾಗಳಿಗೆ 15 ಇಂಚಿನ ಟೆಲಿ-ಆಪ್ಟಾರ್, ಜರ್ಮನಿಯಿಂದ ಎಫ್/5.5ರ ಟೆಲಿ-ಕ್ಸೆನಾರ್ ಮೊದಲಾದವು ಮುಂದಿನ ಅರ್ಧ ಶತಮಾನದಲ್ಲಿ ಬಂದುಹೋದವು.

ಇದೇ ಅವಧಿಯಲ್ಲಿ ಟೆಲಿಫೋಟೊದ ಗೊಡವೆಯೇ ಇಲ್ಲದ ಇನ್ನೊಂದು ದಾರಿಯೂ ಇತ್ತು. ಲಾರ್ಜ್ ಫಾರ್ಮ್ಯಾಟ್‌ನಲ್ಲಿ ಉದ್ದದ ಲೆನ್ಸಿನಿಂದ ತೆಗೆದ ಚಿತ್ರಗಳಲ್ಲಿ ಅತಿ ಪ್ರಸಿದ್ಧವಾದುದು ಯಾವುದೆಂದು ಕೇಳಿದರೆ, ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ಚಿತ್ರವನ್ನೇ ಬಹುತೇಕರು ಹೇಳಿಯಾರು. ಅದನ್ನು ತೆಗೆದದ್ದು 8×10 ಇಂಚಿನ ಕ್ಯಾಮೆರಾದಲ್ಲಿ, ಕುಕ್ ಸಂಸ್ಥೆಯ ಕನ್ವರ್ಟಿಬಲ್ ಲೆನ್ಸಿನ 23 ಇಂಚಿನ ಭಾಗವೊಂದರಿಂದ. ಮೂರು ಸಂಗಮದೂರ ಕೊಡುವ ಆ ಲೆನ್ಸಿನ ಅರ್ಧವನ್ನು ಮಾತ್ರ ಬಳಸಿದರೆ ಸಂಗಮದೂರ ಹೆಚ್ಚುತ್ತದೆ, ಬೆಲ್ಲೋಸನ್ನೂ ಅಷ್ಟೇ ಉದ್ದ ಚಾಚಬೇಕಾಗುತ್ತದೆ. ಅಷ್ಟು ಚಾಚಬಲ್ಲ ಕ್ಯಾಮೆರಾ ಇದ್ದುದರಿಂದ ಅಲ್ಲಿ ಟೆಲಿಫೋಟೊದ ಅಗತ್ಯವೇ ಬೀಳಲಿಲ್ಲ.

ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಪರಿಸ್ಥಿತಿ ಬದಲಾಯಿತು. ನಿಸರ್ಗದೃಶ್ಯಗಳ ಛಾಯಾಗ್ರಾಹಕರು ಬೆನ್ನುಚೀಲದಲ್ಲಿ ಹೊತ್ತು ನಡೆಯಬಲ್ಲ, ಮಡಚುವ ಮರದ ಕ್ಯಾಮೆರಾಗಳನ್ನು ಬಯಸಿದರು. ಜಪಾನಿನ ವಿಸ್ಟಾ, ತಾಚಿಹಾರಾದಂಥವು ಅದನ್ನು ಅಂದವಾಗಿಯೇ ಒದಗಿಸಿದವು. ಕ್ಯಾಮೆರಾ ಹಗುರವಾದಂತೆ ಬೆಲ್ಲೋಸ್ ಗಿಡ್ಡವಾಯಿತು. ಈ ಬಗೆಯ ಹಲವು ಕ್ಯಾಮೆರಾಗಳು ಸುಮಾರು 30 ಸೆಂ.ಮೀ.ಗೇ ನಿಂತುಬಿಡುತ್ತವೆ. ಲಿನ್‌ಹಾಫ್ ಟೆಕ್ನಿಕಾ ಸುಮಾರು 43 ಸೆಂ.ಮೀ. ಚಾಚುತ್ತದೆ, ಆದರೆ ಅದರ ಲೋಹದ ಭಾರ ಬೇರೆ. ಕ್ಯಾಮೆರಾದ ಈ ಕೊರತೆಯನ್ನು ಲೆನ್ಸಿನ ಕಡೆಯಿಂದ ತುಂಬಿಕೊಡಲು ಬಂದದ್ದೇ ಹೊಸ ತಲೆಮಾರಿನ ಟೆಲಿಫೋಟೊ ಎನ್ನಬಹುದು.

ಅವುಗಳಲ್ಲಿ ಜಾಣತನದ್ದು ನಿಕಾನ್ ಸಂಸ್ಥೆಯ ನಿಕ್ಕೋರ್-ಟಿ ಇಡಿ ಸರಣಿ. ಮುಂದಿನ ಗುಂಪು ಮತ್ತು ಶಟರ್ ಒಂದೇ. ಹಿಂದಿನ ಗುಂಪನ್ನು ಬಿಚ್ಚಿ ಬದಲಿಸಿದರೆ 360 ಮಿ.ಮೀ. ಎಫ್/8 ಲೆನ್ಸು 500 ಎಫ್/11 ಆಗುತ್ತದೆ, ಇನ್ನೊಂದನ್ನು ತಿರುಗಿಸಿ ಕೂರಿಸಿದರೆ 720 ಎಫ್/16 ಆಗುತ್ತದೆ. ಇವಕ್ಕೆ ಬೇಕಾದ ಬೆಲ್ಲೋಸ್ ಕ್ರಮವಾಗಿ ಸುಮಾರು 26, 35 ಮತ್ತು 47 ಸೆಂ.ಮೀ. ಇಡಿ ಎಂಬ ವಿಶೇಷ ಗಾಜಿನ ನೆರವಿನಿಂದ ಹಳೆಯ ಟೆಲಿಫೋಟೊಗಳ ವರ್ಣದೋಷವೂ ಬಹುಮಟ್ಟಿಗೆ ತಗ್ಗಿತ್ತು. 8×10ರ ಬಳಕೆದಾರರಿಗೆ ಇದೇ ಪದ್ಧತಿಯ 600, 800, 1200ರ ಕೂಟವೊಂದಿತ್ತು. ಫ್ಯೂಜಿನಾನ್-ಟಿ ಸರಣಿ 300, 400, 600ರಲ್ಲಿ ಬಂತು.

ಆದರೆ ಈ ಅಂಕಿಗಳನ್ನು ಅನಂತ ದೂರಕ್ಕೆ ಕೊಟ್ಟಿರುತ್ತಾರೆ ಎಂಬುದನ್ನು ಕೊಳ್ಳುವವರು ಮರೆಯುವುದುಂಟು. ಹತ್ತಿರದ ವಸ್ತುವಿಗೆ ಫೋಕಸ್ ಮಾಡುವಾಗ ಬೆಲ್ಲೋಸನ್ನು ಇನ್ನೆಷ್ಟು ಚಾಚಬೇಕೆಂಬುದನ್ನು ನಿರ್ಧರಿಸುವುದು ನಿಜವಾದ ಸಂಗಮದೂರವೇ ಹೊರತು ಗಿಡ್ಡಗೊಳಿಸಿದ ಅಂತರವಲ್ಲ. 360ರ ಟೆಲಿಫೋಟೊ ಐದು ಮೀಟರ್ ದೂರದ ವಸ್ತುವಿಗೆ 26ರ ಮೇಲೆ ಸುಮಾರು 2.8 ಸೆಂ.ಮೀ. ಕೇಳುತ್ತದೆ, 30 ಸೆಂ.ಮೀ. ಬೆಲ್ಲೋಸಿನಲ್ಲಿ ಅದು ಮೂರೂಮುಕ್ಕಾಲು ಮೀಟರಿನವರೆಗೆ ಬಂದು ನಿಲ್ಲುತ್ತದೆ. ಅದೇ ಕ್ಯಾಮೆರಾದಲ್ಲಿ 500 ಅನಂತ ದೂರಕ್ಕೂ ಫೋಕಸ್ ಆಗದು. ಮುಂದಕ್ಕೆ ಚಾಚಿದ ಡಬ್ಬಿಯಂಥ ಲೆನ್ಸ್ ಬೋರ್ಡ್ ಹಾಕಿ ಕೊರತೆ ನೀಗಿಸಿಕೊಳ್ಳುವವರಿದ್ದಾರೆ, ಆದರೆ ಲೆನ್ಸನ್ನು ಹೊತ್ತ ಮುಂಚೌಕಟ್ಟಿನ ಮೇಲೆ ಬೀಳುವ ಎಳೆತ ಅದರಿಂದ ಇನ್ನಷ್ಟು ಹೆಚ್ಚುತ್ತದೆ. 360ರ ನಿಕ್ಕೋರ್-ಟಿ ಒಂದೇ ಸುಮಾರು 800 ಗ್ರಾಂ ತೂಗುತ್ತದೆ.

ಇನ್ನೆರಡು ಕಿರಿಕಿರಿಗಳನ್ನು ವಿವರಪತ್ರಗಳು ಹೇಳುವುದಿಲ್ಲ. ಮೊದಲನೆಯದು ಲೆನ್ಸನ್ನು ವಾಲಿಸುವುದಕ್ಕೆ ಸಂಬಂಧಿಸಿದ್ದು. ಮುಂಚೌಕಟ್ಟನ್ನು ವಾಲಿಸಿ ಹತ್ತಿರದ ಹುಲ್ಲನ್ನೂ ದೂರದ ಶಿಖರವನ್ನೂ ಒಂದೇ ಫೋಕಸ್ಸಿಗೆ ತರುವುದಕ್ಕೆಂದೇ ಅನೇಕರು ಈ ಕ್ಯಾಮೆರಾವನ್ನು ಹೊರುತ್ತಾರೆ. ಟೆಲಿಫೋಟೊದಲ್ಲಿ ಸಂಗಮದೂರ ಅಳೆಯುವ ಆ ಕಾಲ್ಪನಿಕ ಬಿಂದು ಬೋರ್ಡಿನಿಂದ ದೂರವಿರುವುದರಿಂದ, ವಾಲಿಸಿದೊಡನೆ ಗ್ರೌಂಡ್ ಗ್ಲಾಸಿನ (ಬಿಂಬ ನೋಡುವ ಮಬ್ಬು ಗಾಜಿನ) ಮೇಲಿನ ಬಿಂಬ ಜಾರುತ್ತದೆ, ಫೋಕಸ್ ಕೆಡುತ್ತದೆ. ಮತ್ತೆ ಚೌಕಟ್ಟು ಸರಿಪಡಿಸಿ, ಮತ್ತೆ ವಾಲಿಸಬೇಕು. ಎಫ್/16ರ ಮಬ್ಬು ಬಿಂಬದಲ್ಲಿ ಕಪ್ಪು ಬಟ್ಟೆ ಹೊದ್ದು ಇದನ್ನು ಮಾಡುವುದು ಸುಲಭವಲ್ಲ. ಅನುಭವಿಗಳು ಇಂಥ ಸಂದರ್ಭದಲ್ಲಿ ಫಿಲ್ಮ್ ಇರುವ ಹಿಂಚೌಕಟ್ಟನ್ನೇ ವಾಲಿಸುತ್ತಾರೆ. ಎರಡನೆಯದು ಎಕ್ಸ್‌ಪೋಷರ್. ಬೆಲ್ಲೋಸಿನ ಉದ್ದವನ್ನು ಸಂಗಮದೂರದಿಂದ ಭಾಗಿಸಿ ವರ್ಗ ಮಾಡುವ ರೂಢಿಯ ಲೆಕ್ಕವನ್ನು ಇಲ್ಲಿ ಹಾಕಿದರೆ, 29 ಸೆಂ.ಮೀ. ಚಾಚಿದ 360ಕ್ಕೆ ಬೆಳಕು ಕಡಿಮೆ ಕೊಟ್ಟರೆ ಸಾಕೆಂಬ ಅಸಂಗತ ಉತ್ತರ ಬರುತ್ತದೆ. ವಾಸ್ತವದಲ್ಲಿ ಅಷ್ಟೇ ಹಿಗ್ಗುವಿಕೆಗೆ ಟೆಲಿಫೋಟೊ ಸಾಮಾನ್ಯ ಲೆನ್ಸಿಗಿಂತ ತುಸು ಹೆಚ್ಚೇ ಬೆಳಕು ಕೇಳುತ್ತದೆ.

ಅದೇ ದಶಕಗಳಲ್ಲಿ, ಅದೇ ದೇಶದಲ್ಲಿ, ಸದ್ದಿಲ್ಲದೆ ಬಂದ ಇನ್ನೊಂದು ಬಗೆಯ ಲೆನ್ಸ್‌ಗಳಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಎನ್ನಬೇಕು. ನಾಲ್ಕೇ ಗಾಜಿನ, ಸಣ್ಣ ಅಪರ್ಚರಿನ, ಟೆಲಿಫೋಟೊ ಅಲ್ಲದ ಉದ್ದದ ಲೆನ್ಸ್‌ಗಳಿವು. 300 ಮಿ.ಮೀ. ಎಫ್/9ರ ನಿಕ್ಕೋರ್-ಎಂ ತೂಗುವುದು 290 ಗ್ರಾಂ, 450 ಮಿ.ಮೀ. ಎಫ್/12.5ರ ಫ್ಯೂಜಿನಾನ್-ಸಿ 270 ಗ್ರಾಂ. ಎರಡನೆಯದರ ಬಿಂಬವೃತ್ತ (ಲೆನ್ಸ್ ಬಿಂಬ ಮೂಡಿಸುವ ವೃತ್ತ) 8×10ರ ಹಾಳೆಯನ್ನು ಮುಚ್ಚಿ ಮಿಗುವಷ್ಟು ದೊಡ್ಡದು, 360ರ ನಿಕ್ಕೋರ್-ಟಿಯದು 21 ಸೆಂ.ಮೀ. ಮಾತ್ರ. ವಾಲಿಸುವುದೂ, ಎಕ್ಸ್‌ಪೋಷರ್ ಲೆಕ್ಕವೂ ಇವುಗಳಲ್ಲಿ ಪಠ್ಯಪುಸ್ತಕದಂತೆಯೇ ನಡೆಯುತ್ತವೆ. ಮುದ್ರಣಾಲಯಗಳ ಪ್ರೋಸೆಸ್ ಕ್ಯಾಮೆರಾಗಳಿಗೆಂದು ತಯಾರಾದ ಆರ್ಟಾರ್, ಅಪೋ-ರೋನಾರ್ ಲೆನ್ಸ್‌ಗಳೂ ಇದೇ ಗುಣದವು. ಇವುಗಳ ಒಂದೇ ಷರತ್ತು ಬೆಲ್ಲೋಸ್: 300ರ ನಿಕ್ಕೋರ್-ಎಂ 30 ಸೆಂ.ಮೀ.ಯ ಕ್ಯಾಮೆರಾದಲ್ಲಿ ಒಂಬತ್ತು ಮೀಟರಿಗಿಂತ ಹತ್ತಿರ ಬರಲಾರದು, 450ಕ್ಕೆ ಟೆಕ್ನಿಕಾದಂಥದ್ದೂ ಹೆಚ್ಚುಕಡಿಮೆ ಕೊನೆಯವರೆಗೆ ಚಾಚಬೇಕು. ಹಾಗೆ ಚಾಚಿದ ಬೆಲ್ಲೋಸ್ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ, ಸೆಕೆಂಡಿನ ಎಕ್ಸ್‌ಪೋಷರ್‌ಗಳಲ್ಲಿ ಅದು ಸಣ್ಣ ವಿಷಯವಲ್ಲ. ಅಪರ್ಚರನ್ನು ಎಫ್/45ಕ್ಕೆ ಇಳಿಸಿದರೂ 500 ಮಿ.ಮೀ. ಲೆನ್ಸಿನ ಹೈಪರ್‌ಫೋಕಲ್ ದೂರ (ಅಲ್ಲಿಗೆ ಫೋಕಸ್ ಮಾಡಿದರೆ ಅನಂತದವರೆಗೂ ಸ್ಪಷ್ಟವಾಗಿ ಕಾಣುವ ದೂರ) 50 ಮೀಟರಿಗಿಂತ ಹೆಚ್ಚಿರುವುದರಿಂದ, ಇಂಥ ಎಕ್ಸ್‌ಪೋಷರ್‌ಗಳು ತಪ್ಪುವುದೂ ಇಲ್ಲ.

2006ರ ಜನವರಿಯಲ್ಲಿ ನಿಕಾನ್ ತನ್ನ ಲಾರ್ಜ್ ಫಾರ್ಮ್ಯಾಟ್ ಲೆನ್ಸ್‌ಗಳ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಉಳಿದ ಹೆಸರುಗಳೂ ಒಂದೊಂದಾಗಿ ಹಿಂದೆ ಸರಿದವು. ಈಗಿನ ಆಯ್ಕೆ ಬಹುಮಟ್ಟಿಗೆ ಹಳೆಯ ಲೆನ್ಸ್‌ಗಳ ಮಾರುಕಟ್ಟೆಯಲ್ಲೇ ನಡೆಯುತ್ತದೆ, ಅಲ್ಲಿ ಟೆಲಿಫೋಟೊ ಯಾವುದು, ಅಲ್ಲದ್ದು ಯಾವುದು ಎಂಬ ವ್ಯತ್ಯಾಸವನ್ನು ಮಾರುವವರೆಲ್ಲ ಹೇಳುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಸ್ವಂತ ಕ್ಯಾಮೆರಾದ ಬೆಲ್ಲೋಸನ್ನು ಪೂರ್ತಿ ಚಾಚಿ ಅಳೆದುಕೊಳ್ಳುವುದು, ಲೆನ್ಸಿನ ಮೇಲಿನ ಸಂಗಮದೂರಕ್ಕೆ ಬದಲಾಗಿ ಬೋರ್ಡಿನಿಂದ ಫಿಲ್ಮಿನವರೆಗೆ ಬೇಕಾದ ಅಂತರವನ್ನು ವಿಚಾರಿಸುವುದು ಅಗತ್ಯ. ಶಟರ್ ಕೋಪಾಲ್ 3 (ದೊಡ್ಡ ಅಳತೆಯ ಶಟರ್) ಆಗಿದ್ದರೆ ಬೋರ್ಡಿನಲ್ಲಿ 65 ಮಿ.ಮೀ. ರಂಧ್ರಕ್ಕೆ ಜಾಗವಿದೆಯೇ ಎಂದೂ ನೋಡಬೇಕು. ನಿಕ್ಕೋರ್-ಟಿಯ 500 ಮತ್ತು 720ರ ಹಿಂಗುಂಪುಗಳು ಬಿಡಿಯಾಗಿಯೂ ಮಾರಾಟಕ್ಕೆ ಬರುತ್ತವೆ. 360ರ ಮುಂಗುಂಪು ಕೈಯಲ್ಲಿಲ್ಲದವರಿಗೆ ಅವುಗಳಿಂದ ಯಾವ ಉಪಯೋಗವೂ ಇಲ್ಲ, ಮತ್ತು ಶಟರಿನ ಮೇಲೆ ಮೂರೂ ಸಂಗಮದೂರಗಳ ಅಪರ್ಚರ್ ಪಟ್ಟಿ ಇರದಿದ್ದರೆ 500ರಲ್ಲಿ ಎಫ್/22 ಎಂದು ಭಾವಿಸಿದ್ದು ನಿಜಕ್ಕೂ ಸುಮಾರು ಎಫ್/32 ಆಗಿರುತ್ತದೆ.